ಅಡಿಕೆ ಬೆಳೆಗಾರರ ಮನೆಗೆ ಸ್ಮಾರ್ಟ್‌ಫೋನ್: ಲಾಭ ಇದೆಯಾ?

ಕೇಳಿದ್ದು: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಒಂದೂವರೆ ಎಕರೆ ತೋಟ. ಊರಲ್ಲಿ ಅಪ್ಪ-ಅಮ್ಮ ಇಬ್ಬರೇ, ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪನಿಗೆ ಸ್ಮಾರ್ಟ್‌ಫೋನ್ ಕೊಡಿಸಿದರೆ ಸಣ್ಣ ಬೆಳೆಗಾರರಿಗೆ ನಿಜವಾಗಿ ನಾಲ್ಕು ಕಾಸು ಉಳಿಯುತ್ತಾ? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ: ಖಂಡಿತ ಕೊಡಿಸಿ. ಆದರೆ ಬರೀ ರೇಟು ನೋಡೋಕೆ ಅಂತ ಬೇಡ. ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಯ ದರ ಸಂಜೆಯೊಳಗೆ ಎಲ್ಲರ ವಾಟ್ಸಾಪಿಗೂ ಬಂದಿರುತ್ತದೆ. ದೊಡ್ಡ ತೋಟದವರು ಅದನ್ನು ನೋಡಿ ಅಡಿಕೆ ಇಟ್ಟುಕೊಳ್ಳುತ್ತಾರೆ. ಅವರಿಗೆ ಒಣಗಿಸೋಕೆ ಅಂಗಳ ಇದೆ, ಕೈಯಲ್ಲಿ ದುಡ್ಡಿದೆ. ನಮ್ಮೂರಿನ ಅರ್ಧ ಎಕರೆಯವರು ಮಕ್ಕಳ ಫೀಸಿಗೆ ಅಂತ ಫಸಲು ಮರದಲ್ಲಿರುವಾಗಲೇ ಚೇಣಿಗೆ (ಮೊದಲೇ ಮಾತಾಡಿದ ಮೊತ್ತಕ್ಕೆ ವ್ಯಾಪಾರಿಗೆ) ಕೊಟ್ಟುಬಿಡುತ್ತಾರೆ. ದರ ಏರಿದ ಸುದ್ದಿ ಅವರ ಫೋನಿಗೂ ಬರುತ್ತದೆ. ಆಗ ಮನೆಯಲ್ಲಿ ಮಾರೋಕೆ ಅಡಿಕೆಯೇ ಇರುವುದಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅಪ್ಪ ಮಾಮ್ಕೋಸ್‌ನಲ್ಲೋ ಬೇರೆ ಸಹಕಾರ ಸಂಘದಲ್ಲೋ ಸದಸ್ಯರಾ ಅಂತ ಮೊದಲು ವಿಚಾರಿಸಿ. ಅಡಿಕೆ ಅಲ್ಲಿಟ್ಟು ಅದರ ಮೇಲೆ ಮುಂಗಡ ತೆಗೆದುಕೊಂಡರೆ ಸ್ವಲ್ಪ ಕಾಯಬಹುದು. ರೇಟು ತಿಳಿದು ಉಪಯೋಗ ಆಗುವುದು ಆಗಲೇ.

ನನ್ನ ಪ್ರಕಾರ ಫೋನಿನ ದೊಡ್ಡ ಉಪಕಾರ, ಯಾವ ಜಮೀನಿನಲ್ಲಿ ಯಾವ ಬೆಳೆ ಇದೆ ಅಂತ ದಾಖಲಿಸುವ ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿದೆ. ಅಪ್ಪನೇ ತೋಟದಲ್ಲಿ ನಿಂತು ಫೋಟೊ ತೆಗೆದು ಹಾಕಬಹುದು. ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಪಕ್ಕದ ತೋಟಕ್ಕೆ ಸಮೀಕ್ಷೆಗೆ ಬಂದವರು ಭತ್ತ ಅಂತ ನಮೂದಿಸಿ ಹೋಗಿದ್ದರು. ವಿಮೆ ಅರ್ಜಿಯಲ್ಲಿ ಅಡಿಕೆ, ಸಮೀಕ್ಷೆಯಲ್ಲಿ ಭತ್ತ. ಪರಿಹಾರ ಅಲ್ಲೇ ನಿಂತಿತು. ಹವಾಮಾನ ಆಧಾರಿತ ವಿಮೆಗೆ ನಾವು ಅಡಿಕೆಗೆ ಹೆಕ್ಟೇರಿಗೆ 6,400 ರೂಪಾಯಿ ಕಂತು ಕಟ್ಟಿದ್ದೆವು, ವಿಮಾ ಮೊತ್ತ 1,28,000. ಕೊಳೆ ರೋಗಕ್ಕೆ ಅರ್ಧ ಫಸಲು ಉದುರಿದ ವರ್ಷ ಆ ಹಣ ಬರದಿದ್ದರೆ ಸಣ್ಣವರು ಏನು ಮಾಡಬೇಕು?

ಸಾಗರ, ಶರಾವತಿ ಹಿನ್ನೀರ ಕಡೆಯಿಂದ: ಫೋನ್ ಕೊಳ್ಳುವ ಮೊದಲು ಯಾವ ಸಿಮ್ ನಿಮ್ಮ ಮನೆ ಜಗಲಿಯಲ್ಲಿ ಸಿಗುತ್ತದೆ ನೋಡಿ. ನಮ್ಮಲ್ಲಿ ಒಟಿಪಿ ಬರಬೇಕಾದರೆ ಗುಡ್ಡ ಹತ್ತಬೇಕು. ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಪಿಎಂ ಕಿಸಾನ್ ಸಹಾಯಧನಕ್ಕೆ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಮಾಡಿಸದೆ ಕಂತು ನಿಂತುಹೋದ ವಯಸ್ಸಾದವರು ಇಲ್ಲಿ ಇದ್ದಾರೆ. ವರ್ಷಕ್ಕೆ 6,000 ರೂಪಾಯಿ ಅವರಿಗೆ ಸಣ್ಣ ಮೊತ್ತ ಅಲ್ಲ. ಪೇಟೆಗೆ ಹೋದಾಗ ಬೆರಳಚ್ಚು ಕೊಟ್ಟು ಮಾಡಿಸಿಬಿಡಿ. ಬೆಳೆ ಸಮೀಕ್ಷೆಯ ವಿವರವನ್ನೂ ನೆಟ್‌ವರ್ಕ್ ಇರುವ ಕಡೆ ಇಳಿಸಿಕೊಂಡು, ತೋಟದಲ್ಲಿ ಫೋಟೊ ತೆಗೆದು ಆಮೇಲೆ ಕಳಿಸಿ.

ಸೊರಬದಿಂದ: ಎಲ್ಲರೂ ಫೋನಿನ ಮಾತೇ ಆಡುತ್ತಿದ್ದೀರಿ. ನಾವು ಬಗರ್ ಹುಕುಂ ಜಮೀನಿನವರು, ಅಂದರೆ ಮಂಜೂರಾಗದ ಸರ್ಕಾರಿ ಜಮೀನು ಉಳುತ್ತಿರುವವರು. ಸಕ್ರಮ ಮಾಡಿಕೊಡಿ ಅಂತ ಅರ್ಜಿ ಕೊಟ್ಟು ಕಾಯುತ್ತಲೇ ಇದ್ದೇವೆ. ಪಹಣಿ ಇಲ್ಲ ಅಂದರೆ ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ಇಲ್ಲ. ಅದಿಲ್ಲದೆ ಸಬ್ಸಿಡಿಯೂ ಇಲ್ಲ, ವಿಮೆಯೂ ಇಲ್ಲ. ಮೊದಲು ಗ್ರಾಮಲೆಕ್ಕಿಗರು ಬಂದು ಕಣ್ಣಾರೆ ನೋಡಿ, ಇಂಥವರು ಉಳುತ್ತಿದ್ದಾರೆ ಅಂತ ಒಂದು ಮಾತಾದರೂ ಹೇಳುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಹೆಸರಿಲ್ಲ ಅಂದರೆ ಮಾತು ಮುಗಿಯಿತು. ನಿಮ್ಮ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ನಿಮಗೂ ಇದೇ ತೊಂದರೆ. ಫೋನ್ ಮುಂದಿನ ತಿಂಗಳು ಕೊಡಿಸಿ, ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿ.