ಹಳ್ಳದಲ್ಲೂ ಗದ್ದೆಯಲ್ಲೂ ಹಳದಿ ಹೊಟ್ಟೆಯ ಸಿಪಿಲೆ: ಎರಡೂ ಒಂದೇ ಹಕ್ಕಿಯೇ?

ಪ್ರಶ್ನೆ:
ನಮಸ್ಕಾರ. ಈ ಚಳಿಗಾಲದಲ್ಲಷ್ಟೇ ಹಕ್ಕಿ ನೋಡಲು ಆರಂಭಿಸಿದ್ದೇನೆ. ಊರು ಕೊಪ್ಪದ ಸಮೀಪ. ಅಡಿಕೆ ತೋಟದ ಪಕ್ಕದ ಹಳ್ಳದಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುತ್ತ, ಬಾಲವನ್ನು ಬಿಡುವಿಲ್ಲದೆ ಆಡಿಸುವ ಹಳದಿ ಹೊಟ್ಟೆಯ ಹಕ್ಕಿಯೊಂದು ಒಂಟಿಯಾಗಿ ಕಾಣುತ್ತದೆ. ಕೊಯ್ಲಾದ ಗದ್ದೆಯಲ್ಲಿ ಅಂಥವೇ ಹಕ್ಕಿಗಳು ಮೇಯುವ ದನಗಳ ಸುತ್ತ ಗುಂಪಾಗಿ ಓಡಾಡುತ್ತವೆ. ಕುಂಡೆಕುಸ್ಕ, ಅಂದರೆ ಸಿಪಿಲೆ, ಎಂಬಷ್ಟು ತಿಳಿದಿದೆ. ಫೋಟೋ ನೋಡಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಒಂದೇ ಹಕ್ಕಿಯ ಎರಡು ಫೋಟೋಗಳಿಗೆ ಎರಡು ಹೆಸರು ಹೇಳುತ್ತಿದೆ, ಪುಸ್ತಕದಲ್ಲಿರುವ ಕಪ್ಪು ಗಂಟಲು ಯಾವುದರಲ್ಲೂ ಇಲ್ಲ. ಇವು ಒಂದೇ ಜಾತಿಯ ಗಂಡು ಹೆಣ್ಣುಗಳೇ?

ಉತ್ತರ:
ನಿಮ್ಮ ವಿವರಣೆಯನ್ನು ನೋಡಿದರೆ ಹಳ್ಳದ್ದು ಬೂದು ಸಿಪಿಲೆ, ಗದ್ದೆಯವು ಹಳದಿ ಸಿಪಿಲೆ ಇರಬೇಕು. ಎರಡೂ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳೇ. ಕಪ್ಪು ಗಂಟಲು ಬೂದು ಸಿಪಿಲೆಯ ಗಂಡಿಗೆ ಸಂತಾನಕಾಲದಲ್ಲಿ ಮಾತ್ರ ಇರುತ್ತದೆ. ಚಳಿಗಾಲದಲ್ಲಿ ಗಂಟಲು ಬಿಳಿಚಿಕೊಂಡಿರುವುದರಿಂದ ಪುಸ್ತಕದ ಆ ಚಿತ್ರ ನಮಗೆ ಈಗ ನೆರವಾಗುವುದಿಲ್ಲ.

ಹಳದಿ ಬಣ್ಣವನ್ನು ಸದ್ಯಕ್ಕೆ ಬದಿಗಿಟ್ಟು ಕಾಲು ನೋಡಿ. ಬೂದು ಸಿಪಿಲೆಯ ಕಾಲು ಮಾಸಲು ಗುಲಾಬಿ, ಹಳದಿ ಸಿಪಿಲೆಯದು ಕಪ್ಪು. ಬೂದು ಸಿಪಿಲೆಯ ಬೆನ್ನು ಅಚ್ಚ ಬೂದು, ಬಾಲ ದೇಹಕ್ಕೆ ಹೋಲಿಸಿದರೆ ಬಹಳ ಉದ್ದ, ಹಳದಿ ಬಣ್ಣ ಬಾಲದ ಬುಡದಡಿಯಲ್ಲೇ ಹೆಚ್ಚು ಗಾಢ. ಹಳದಿ ಸಿಪಿಲೆಯ ಬೆನ್ನಿನಲ್ಲಿ ಕಂದು ಅಥವಾ ಹಸಿರು ಛಾಯೆಯಿದ್ದು ಬಾಲ ಗಿಡ್ಡ. ಫೋಟೋವನ್ನು ಹಕ್ಕಿ ಪಕ್ಕಕ್ಕೆ ತಿರುಗಿದಾಗ, ಕಾಲು ಮತ್ತು ಕೆನ್ನೆ ಎರಡೂ ಕಾಣುವಂತೆ ತೆಗೆಯಿರಿ; ಬೆನ್ನಷ್ಟೇ ಕಂಡರೆ ಆ್ಯಪ್ ತಡವರಿಸುವುದು ಸಹಜ.

ಪ್ರಶ್ನಿಸಿದವರು:
ಧನ್ಯವಾದಗಳು. ಹಳ್ಳದ ಹಕ್ಕಿಯ ಕಾಲು ಗುಲಾಬಿಯೇ, ಗದ್ದೆಯವುಗಳದ್ದು ಕಪ್ಪು. ಆದರೆ ಗದ್ದೆಯ ಗುಂಪಿನಲ್ಲಿ ಒಂದಕ್ಕೆ ಹಳದಿಯೇ ಇಲ್ಲ, ಮೈಯೆಲ್ಲ ಬೂದು ಮತ್ತು ಬಿಳಿ. ಎದೆಯಲ್ಲಿ ಕಪ್ಪು ಇಲ್ಲದ್ದರಿಂದ ಬಿಳಿ ಸಿಪಿಲೆ ಎನ್ನಲೂ ಧೈರ್ಯ ಬರುತ್ತಿಲ್ಲ.

ಉತ್ತರ:
ನೀವು ತಡೆದು ನಿಂತದ್ದು ಸರಿ, ಅನುಭವಿಗಳೂ ಅವಸರಪಡದ ಹಕ್ಕಿಯಿದು. ಮೊದಲ ಚಳಿಗಾಲದ ಎಳೆಯ ಹಳದಿ ಸಿಪಿಲೆಗಳಲ್ಲಿ ಕೆಲವಕ್ಕೆ ಹಳದಿ ಬಣ್ಣ ತೀರ ಕಡಿಮೆ ಇರುತ್ತದೆ. ಆದರೆ ನಿಂಬೆ ಹಳದಿ ತಲೆಯ ಸಿಪಿಲೆ ಎಂಬ ಇನ್ನೊಂದು ಜಾತಿಯ ಎಳೆಯ ಹಕ್ಕಿಯೂ ಹೀಗೇ ಬೂದಾಗಿರುತ್ತದೆ, ಅದರ ಕಾಲೂ ಕಪ್ಪೇ. ಅದರ ಹುಬ್ಬಿನ ತಿಳಿ ಪಟ್ಟಿ ಕಣ್ಣಿನ ಹಿಂದೆ ನಿಲ್ಲದೆ ಕೆನ್ನೆಯನ್ನು ಬಳಸಿ ಕತ್ತಿನ ಪಕ್ಕಕ್ಕೆ ಇಳಿಯುತ್ತದೆ, ರೆಕ್ಕೆಯಲ್ಲಿ ಎರಡು ಅಗಲವಾದ ಬಿಳಿ ಪಟ್ಟಿಗಳಿರುತ್ತವೆ. ಹಳದಿ ಸಿಪಿಲೆಯಲ್ಲಿ ಹುಬ್ಬಿನ ಗೆರೆ ಕೆನ್ನೆಯನ್ನು ಹೀಗೆ ಸುತ್ತುವುದಿಲ್ಲ. ಬಾಲದ ಬುಡದಡಿಯಲ್ಲಿ ಹಳದಿಯ ಸುಳಿವು ಸಿಕ್ಕರೂ ನಿರ್ಧಾರ ಹಳದಿ ಸಿಪಿಲೆಯ ಕಡೆಗೆ ವಾಲುತ್ತದೆ.

ನಾಳೆ ಬೆಳಗಿನ ಬಿಸಿಲು ಬೆನ್ನಿಗಿರುವಂತೆ ಬದುವಿನ ಮೇಲೆ ಕುಳಿತು ಕೆನ್ನೆಯೊಂದನ್ನೇ ಗಮನಿಸಿ. ಅಲ್ಲಿಯವರೆಗೆ, ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ತಾಣದ ಪಟ್ಟಿಯಲ್ಲಿ ಜಾತಿಯನ್ನು ಊಹಿಸದೆ, ಬರಿಯ ಸಿಪಿಲೆ ಎಂದು ದಾಖಲಿಸುವ ಆಯ್ಕೆಯನ್ನು ಬಳಸಿ. ಫೋಟೋ ಸಿಕ್ಕ ಮೇಲೆ ತಿದ್ದಬಹುದು.