ಸ್ಪಿಟ್‌ಫೈರ್ ಸ್ಕಿನ್ ಸವೆದ ಹಾಗೆ ಕಾಣ್ಬೇಕು, ಕೊಳೆ ಮೆತ್ತಿದ ಹಾಗೆ ಕಾಣ್ತಿದೆ, ಏನ್ ಮಾಡ್ಲಿ?

ಬಾನಾಡಿ:
ಎಲ್ರಿಗೂ ನಮಸ್ಕಾರ. ಡಿಸಿಎಸ್ ಅನ್ನೋ ವಿಮಾನ ಸಿಮ್ಯುಲೇಟರ್ ಗೇಮ್‌ನಲ್ಲಿರೋ ಸ್ಪಿಟ್‌ಫೈರ್ ಮಾರ್ಕ್ 9ಗೆ (ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ) ಗಿಂಪ್ ಅನ್ನೋ ಚಿತ್ರ ಎಡಿಟ್ ಮಾಡೋ ಸಾಫ್ಟ್‌ವೇರ್‌ನಲ್ಲಿ ಒಂದು ಸ್ಕಿನ್, ಅಂದ್ರೆ ಮೇಲಿನ ಬಣ್ಣದ ಹೊದಿಕೆ, ಮಾಡ್ತಾ ಇದೀನಿ. ಮೇಲೆ ಡಾರ್ಕ್ ಗ್ರೀನ್, ಓಷನ್ ಗ್ರೇ, ಕೆಳಗೆ ಮೀಡಿಯಂ ಸೀ ಗ್ರೇ, ರೌಂಡಲ್ (ವಾಯುಪಡೆಯ ದುಂಡು ಗುರುತು), ಕೋಡ್ ಅಕ್ಷರ ಎಲ್ಲಾ ಸರಿಯಾಗಿ ಕೂತಿದೆ. ಆದ್ರೆ ಹಾರಿ ಹಾರಿ ಸವೆದ ವಿಮಾನ ಅನ್ನೋ ಫೀಲ್ ಮಾತ್ರ ಬರ್ತಿಲ್ಲ. ಗ್ರಂಜ್ ಬ್ರಷ್‌ನಲ್ಲಿ ಕೊಳೆ ಹಾಕಿದೀನಿ, ಪ್ಯಾನೆಲ್ ಲೈನ್ (ತಗಡುಗಳು ಸೇರೋ ಗೆರೆ) ಕಪ್ಪು ಮಾಡಿದೀನಿ, ಅಂಚಿಗೆಲ್ಲಾ ಬೆಳ್ಳಿ ಬಣ್ಣದಲ್ಲಿ ಚಿಪ್ಪಿಂಗ್, ಅಂದ್ರೆ ಪೇಂಟ್ ಎದ್ದ ಗುರುತು, ಕೊಟ್ಟಿದೀನಿ, ಆದ್ರೂ ಸಿಮ್‌ನಲ್ಲಿ ಬಿಸಿಲಿಗೆ ತಿರುಗಿಸಿ ನೋಡಿದ್ರೆ ಪ್ಲಾಸ್ಟಿಕ್ ಮೇಲೆ ಪ್ರಿಂಟ್ ಹಾಕಿದ ಹಾಗೇ ಕಾಣುತ್ತೆ. ಎಲ್ಲಿಂದ ಸರಿ ಮಾಡ್ಕೊಂಡು ಬರ್ಲಿ?

ರಿವೆಟ್:
ಗುರು, ಮೊದ್ಲು ಆ ಗ್ರಂಜ್ ಲೇಯರ್ ಆಫ್ ಮಾಡಿ. ಇಡೀ ವಿಮಾನದ ಮೇಲೆ ಒಂದೇ ಸಮ ಕೊಳೆ ಕೂರೋದೇ ಇಲ್ಲ. ಪ್ರತಿ ಕಲೆ ಹಾಕೋಕೆ ಮುಂಚೆ ಇದು ಯಾರಿಂದ ಆಯ್ತು, ಯಾವುದರಿಂದ ಆಯ್ತು ಅಂತ ಕೇಳ್ಕೊಳ್ಳಿ, ಉತ್ತರ ಇಲ್ದೇ ಇದ್ರೆ ಆ ಕಲೆ ಬೇಡ.

ಉದಾಹರಣೆಗೆ ಸ್ಪಿಟ್‌ಫೈರ್‌ನ ಕಾಕ್‌ಪಿಟ್ ಬಾಗಿಲು ಇರೋದು ಎಡಗಡೆ. ಪೈಲಟ್ ಹತ್ತೋದು ಇಳಿಯೋದು ಎಲ್ಲಾ ಎಡ ರೆಕ್ಕೆಯ ಬುಡದ ಮೇಲೇ, ಪ್ಯಾರಚೂಟ್ ಕಟ್ಟೋಕೆ ಸಹಾಯ ಮಾಡೋರೂ ಅಲ್ಲೇ ನಿಲ್ತಿದ್ರು. ಹಾಗಾಗಿ ಎಡ ಬುಡದಲ್ಲಿ ಬೂಟಿನ ಸವೆತ ಜಾಸ್ತಿ ಇರ್ಬೇಕು, ಬಲಗಡೆ ಕಡಿಮೆ. ಎಷ್ಟೋ ಸ್ಕಿನ್‌ಗಳಲ್ಲಿ ಎರಡೂ ಕಡೆ ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ಥರ ಇರುತ್ತೆ, ಕಣ್ಣು ಅದನ್ನ ತಕ್ಷಣ ಹಿಡಿಯುತ್ತೆ. ಆಮೇಲೆ ಇಂಜಿನ್ ಕವರ್ ಪದೇ ಪದೇ ಬಿಚ್ಚಿ ಹಾಕ್ತಿದ್ರು, ಗನ್ ಬೇ ಮುಚ್ಚಳಗಳನ್ನೂ ಅಷ್ಟೇ, ಅಲ್ಲಿ ಫಾಸ್ಟನರ್ ಸುತ್ತ ಸ್ಕ್ರೂಡ್ರೈವರ್ ಜಾರಿದ ಸಣ್ಣ ಗೀರು ಬರ್ಬೇಕು. ಯಾರೂ ಮುಟ್ಟದ ಪ್ಯಾನೆಲ್ ಅಂಚಿಗೆ ಚಿಪ್ಪಿಂಗ್ ಯಾಕೆ? ರಡರ್ (ಬಾಲದ ಚುಕ್ಕಾಣಿ) ಅಂತೂ ಬಟ್ಟೆ ಹೊದಿಸಿದ್ದು, ಅಲ್ಲಿ ಬೆಳ್ಳಿ ಚಿಪ್ಪಿಂಗ್ ಇದ್ರೆ ದಯವಿಟ್ಟು ತೆಗೀರಿ.

ಎಕ್ಸಾಸ್ಟ್ ಕಲೆನೂ ಬರೀ ಕಪ್ಪಲ್ಲ. ಸೀಸ ಬೆರೆಸಿದ ಪೆಟ್ರೋಲ್ ಅದು, ಮಿಶ್ರಣ ರಿಚ್ (ಪೆಟ್ರೋಲ್ ಜಾಸ್ತಿ) ಇದ್ದಾಗ ಕಪ್ಪು ಮಸಿ, ಲೀನ್ (ಪೆಟ್ರೋಲ್ ಕಡಿಮೆ) ಇದ್ದಾಗ ತಿಳಿ ಬೂದು, ಮಾಸಲು ಕಂದು ಥರದ ಪುಡಿ ಕೂರುತ್ತೆ. ಕೊಳವೆ ಹತ್ರ ಗಾಢ ಇಟ್ಟು ಹಿಂದಕ್ಕೆ ಹೋಗ್ತಾ ಬೂದಿಗೆ ತಿರುಗಿಸಿ, ರೆಕ್ಕೆ ಬುಡದ ಮೇಲೆ ಗಾಳಿ ಹರಿಯೋ ದಿಕ್ಕಿಗೆ ಸ್ವಲ್ಪ ಬಾಗಿಸಿ. ಹಾರುವಾಗ ಆದ ಕಲೆ ಹಿಂದಕ್ಕೆ ಎಳೆಯುತ್ತೆ, ನಿಂತಿದ್ದಾಗ ಸೋರಿದ್ದು ಕೆಳಕ್ಕೆ ಇಳಿಯುತ್ತೆ, ಎರಡನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಟ್ಕೊಳ್ಳಿ.

ಮಸಿಕುಡಿಕೆ:
ರಿವೆಟ್ ಅವ್ರು ಹೇಳಿದ್ದು ಎಲ್ಲಿ ಹಾಕ್ಬೇಕು ಅನ್ನೋದಕ್ಕೆ. ಪ್ಲಾಸ್ಟಿಕ್ ಥರ ಕಾಣೋದಕ್ಕೆ ಕಾರಣ ಬೇರೆ, ನೀವು ಬಣ್ಣದ ಟೆಕ್ಸ್‌ಚರ್ (ವಿಮಾನಕ್ಕೆ ಹೊದಿಸೋ ಚಿತ್ರ) ಒಂದನ್ನೇ ಮುಟ್ಟಿದೀರ ಅನ್ಸುತ್ತೆ. ಡಿಸಿಎಸ್‌ನಲ್ಲಿ ರಫ್‌ಮೆಟ್ ಅಂತ ಇನ್ನೊಂದು ಫೈಲ್ ಇರುತ್ತೆ ನೋಡಿ, ಅದರ ಕೆಂಪು ಚಾನೆಲ್‌ನಲ್ಲಿ ಆಂಬಿಯೆಂಟ್ ಅಕ್ಲೂಶನ್ (ಸಂದುಗಳ ನೆರಳು), ಹಸಿರಿನಲ್ಲಿ ರಫ್‌ನೆಸ್ (ಮೇಲ್ಮೈ ಎಷ್ಟು ಒರಟು), ನೀಲಿಯಲ್ಲಿ ಮೆಟಾಲಿಕ್ (ಲೋಹವೋ ಅಲ್ಲವೋ). ಅರ್ಧಕ್ಕಿಂತ ಹೆಚ್ಚು ಕೆಲಸ ಆಗ್ಬೇಕಿರೋದು ಆ ಹಸಿರು ಚಾನೆಲ್‌ನಲ್ಲಿ. ಮಸಿ ಕೂತ ಕಡೆ ಇನ್ನೂ ಒರಟಾಗಿಸಿ, ಎಣ್ಣೆ ಸೋರಿದ ಕಡೆ ನುಣುಪಾಗಿಸಿ, ಪೆಟ್ರೋಲ್ ತುಂಬೋ ಮುಚ್ಚಳದ ಸುತ್ತ, ಕೈಯಿಟ್ಟು ಉಜ್ಜಿದ ಜಾಗದಲ್ಲೆಲ್ಲಾ ಸ್ವಲ್ಪ ಸ್ವಲ್ಪ ವ್ಯತ್ಯಾಸ ಕೊಡಿ. ಬಣ್ಣದಲ್ಲಿ ಕಾಣದ ಕಲೆ ಸೂರ್ಯನ ಬೆಳಕು ಜಾರುವಾಗ ಮಾತ್ರ ಕಂಡು ಮಾಯ ಆಗುತ್ತೆ, ಆ ಒಂದು ಕ್ಷಣಕ್ಕೋಸ್ಕರ ಇಡೀ ಸಂಜೆ ಕೂತ್ರೂ ನಷ್ಟ ಇಲ್ಲ.

ಮತ್ತೆ ಅಳತೆ ನೋಡ್ಕೊಳ್ಳಿ. ವಿಮಾನದ ಉದ್ದ ಸುಮಾರು ಒಂಬತ್ತೂವರೆ ಮೀಟರ್, ಅದು 4096 ಪಿಕ್ಸೆಲ್‌ನಲ್ಲಿ ಹರಡಿದೆ ಅಂದ್ಕೊಂಡ್ರೆ ಒಂದು ಪಿಕ್ಸೆಲ್ ಅಂದ್ರೆ ಎರಡು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹತ್ತು ಪಿಕ್ಸೆಲ್ ಬ್ರಷ್‌ನಲ್ಲಿ ಒಂದು ಚಿಪ್ ಹಾಕಿದ್ರೆ ಎರಡು ಸೆಂಟಿಮೀಟರ್ ದಾಟಿ ಪೇಂಟ್ ಎದ್ದಿದೆ ಅಂತ ಅರ್ಥ, ಅದು ದೊಡ್ಡದೇ. ಚಿಪ್ಪಿಂಗ್‌ಗೆ ಒಂದೆರಡು ಪಿಕ್ಸೆಲ್ ಬ್ರಷ್ ಸಾಕು.

ಬಾನಾಡಿ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಎಡ ಬಲ ಬೇರೆ ಮಾಡಿದ್ದಕ್ಕೇ ಎಷ್ಟೋ ಬದಲಾವಣೆ ಕಾಣ್ತಿದೆ. ಎರಡು ಡೌಟ್: ಚಿಪ್ಪಿಂಗ್ ಇನ್ನೂ ಬಿಳಿ ಪೇಂಟ್ ಚುಕ್ಕೆ ಥರ ಕಾಣುತ್ತೆ. ಇನ್ನೊಂದು, ದೂರದಿಂದ ನೋಡಿದ್ರೆ ಗೀರುಗಳೆಲ್ಲಾ ಮಿಣಮಿಣ ಅನ್ನುತ್ತೆ.

ಮಸಿಕುಡಿಕೆ:
ಚಿಪ್ ಇರೋ ಅದೇ ಜಾಗದಲ್ಲಿ ನೀಲಿ ಚಾನೆಲ್ ಬಿಳಿ ಇರ್ಬೇಕು, ಆಗ್ಲೇ ಸಿಮ್ ಅದನ್ನ ಲೋಹ ಅಂತ ತಿಳ್ಕೊಳೋದು. ಪೇಂಟ್ ಇರೋ ಕಡೆ ಪೂರ್ತಿ ಕಪ್ಪು. ನಡುವಿನ ಬೂದು ಬಣ್ಣ ಅಲ್ಲಿ ಬೇಡ, ಒಂದೋ ಲೋಹ ಇಲ್ಲಾ ಪೇಂಟ್. ಚಿಪ್ಪಿಂಗ್ ಮಾಸ್ಕ್ ಒಂದನ್ನೇ ಮಾಡಿ ಬಣ್ಣಕ್ಕೂ ಮೆಟಾಲಿಕ್‌ಗೂ ಅದನ್ನೇ ಬಳಸಿದ್ರೆ ಎರಡೂ ಕರೆಕ್ಟಾಗಿ ಕೂರುತ್ತೆ. ಗಾಳಿಗೆ ಬಿದ್ದ ಅಲ್ಯೂಮಿನಿಯಂ ಮಂಕಾಗುತ್ತೆ, ಅದಕ್ಕೆ ರಫ್‌ನೆಸ್ ಕನ್ನಡಿಯಷ್ಟು ಕಡಿಮೆ ಇಡ್ಬೇಡಿ. ಕೆಂಪು ತುಕ್ಕಂತೂ ಅಲ್ಯೂಮಿನಿಯಂಗೆ ಬರೋದೇ ಇಲ್ಲ.

ಮಿಣಮಿಣ ಅನ್ನೋದು ಮಿಪ್‌ಮ್ಯಾಪ್ (ದೂರದಿಂದ ತೋರಿಸೋಕೆ ಅದೇ ಚಿತ್ರದ ಚಿಕ್ಕ ಪ್ರತಿಗಳು) ಇಲ್ದೇ ಎಕ್ಸ್‌ಪೋರ್ಟ್ ಮಾಡಿದ್ದಕ್ಕೆ ಇರ್ಬಹುದು, ಗಿಂಪ್‌ನಲ್ಲಿ ಡಿಡಿಎಸ್ (ಟೆಕ್ಸ್‌ಚರ್ ಫೈಲ್) ಸೇವ್ ಮಾಡುವಾಗ ಮಿಪ್‌ಮ್ಯಾಪ್ ಜನರೇಟ್ ಮಾಡೋ ಆಪ್ಶನ್ ಬರುತ್ತೆ, ಅದನ್ನ ಆರಿಸಿ.

ರಿವೆಟ್:
ಪ್ಯಾನೆಲ್ ಲೈನ್ ಬಗ್ಗೆ ಒಂದು ಮಾತು ಬಿಟ್ಟೋಗಿತ್ತು. ಅಷ್ಟು ಕಪ್ಪು ಬೇಡ ಮಾರಾಯ್ರೆ. ಸ್ಪಿಟ್‌ಫೈರ್ ರೆಕ್ಕೆಯ ಮುಂಭಾಗದಲ್ಲಂತೂ ಪುಟ್ಟಿ ತುಂಬಿ ಉಜ್ಜಿ ನುಣುಪು ಮಾಡ್ತಿದ್ರು, ಗಾಳಿ ಸಲೀಸಾಗಿ ಹರೀಲಿ ಅಂತ, ಅಲ್ಲಿ ಗೆರೆ ಕಾಣೋದೇ ಕಷ್ಟ. ನಾರ್ಮಲ್ ಮ್ಯಾಪ್‌ನಲ್ಲಿ (ಉಬ್ಬು ತಗ್ಗು ತೋರಿಸೋ ಫೈಲ್) ಹೇಗೂ ಗೆರೆ ಇರುತ್ತೆ, ಬಣ್ಣದಲ್ಲಿ ಇನ್ನೊಂದು ಸಲ ಎಳೆಯೋ ಅಗತ್ಯ ಇಲ್ಲ. ರೆಫರೆನ್ಸ್‌ಗೆ ಈಗ ಏರ್‌ಶೋಗಳಲ್ಲಿ ಹಾರೋ ವಿಮಾನದ ಫೋಟೋ ನೋಡ್ಬೇಡಿ, ಅವನ್ನ ತೊಳೆದು ಹೊಳಪು ಕೊಟ್ಟು ಇಟ್ಟಿರ್ತಾರೆ. ಯುದ್ಧಕಾಲದ ಕಪ್ಪುಬಿಳುಪು ಫೋಟೋಗಳೇ ವಾಸಿ, ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿ ಆ ಕಾಲದ ಕೆಲವು ಕಲರ್ ಫೋಟೋಗಳೂ ಇವೆ. ಆಗ ಎಷ್ಟೋ ವಿಮಾನ ವರ್ಷ ತುಂಬೋ ಮುಂಚೆನೇ ಬಿದ್ದು ಹೋಗ್ತಿದ್ವು, ಆದ್ದರಿಂದ ನಿಮ್ಮ ವಿಮಾನಕ್ಕೆ ಎಷ್ಟು ತಿಂಗಳ ಸರ್ವೀಸ್ ಅಂತ ಮೊದ್ಲೇ ನಿರ್ಧಾರ ಮಾಡಿ ಅಷ್ಟಕ್ಕೆ ತಕ್ಕಷ್ಟೇ ಸವೆಸಿ. ಮುಂದಿನ ಸ್ಕ್ರೀನ್‌ಶಾಟ್ ಹಾಕುವಾಗ ಸಂಜೆ ಬಿಸಿಲಿನಲ್ಲಿ ಎಡಗಡೆಯಿಂದ ತೆಗೀರಿ, ರೆಕ್ಕೆ ಬುಡ ಹೇಗೆ ಬಂದಿದೆ ಅಂತ ನೋಡ್ಬೇಕು.