ಲಿಫ್ಟ್ ಇಲ್ಲದ ಮೂರನೇ ಮಹಡಿ, ಮೊಣಕಾಲು–ಸೊಂಟ ಎರಡೂ ನೋವು: ಮನೆಯಲ್ಲಿ ಏನು ಬದಲಿಸಬೇಕು?

ಪ್ರಶ್ನೆ (ಡೊಂಬಿವಲಿ ಪೂರ್ವ)
ಅಮ್ಮನಿಗೆ 72. ಎರಡೂ ಮೊಣಕಾಲು ಸವೆದಿವೆ, ಬಲಗಾಲು ಹೆಚ್ಚು. ಎಂಆರ್‌ಐಯಲ್ಲಿ ಎಲ್4–ಎಲ್5 (ಸೊಂಟದ ಕೆಳಗಿನ ಬೆನ್ನುಮೂಳೆಗಳು) ಹತ್ತಿರ ನರದ ದಾರಿ ಕಿರಿದಾಗಿದೆ ಅಂತ ಬಂದಿದೆ. ಮಾರ್ಕೆಟ್ ಕಡೆ ಹತ್ತು ನಿಮಿಷ ನಡೆದರೆ ಎರಡೂ ಕಾಲಿಗೆ ಜೋಮು, ಕೂತರೆ ಸರಿ. ಬೆಳಿಗ್ಗೆ ಯೂಟ್ಯೂಬ್ ನೋಡಿ ಭುಜಂಗಾಸನ ಮಾಡುತ್ತಾರೆ, ಆಮೇಲೆ ನೋವು ಜಾಸ್ತಿ. ಬಿಪಿ ಇದೆ. ಅಸೆಕ್ಲೊಫೆನಾಕ್–ಪ್ಯಾರಾಸಿಟಮಾಲ್ ನೋವಿನ ಗುಳಿಗೆ ದಿನಕ್ಕೆರಡು ನಡೆಯುತ್ತಿದೆ. ಸೊಸೈಟಿಯ ರಿಡೆವಲಪ್‌ಮೆಂಟ್ (ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವುದು) ಇನ್ನೂ ಮೀಟಿಂಗಿನಲ್ಲೇ ಇದೆ, ಹಾಗಾಗಿ ಮೂರು ಮಹಡಿ ಹತ್ತಿ ಇಳಿಯುವುದು ತಪ್ಪದು. ಮನೆಯಲ್ಲಿ ಏನೇನು ಬದಲಿಸಬೇಕು?

ಉತ್ತರ 1 (ಮುಲುಂಡ್, ಫಿಸಿಯೊಥೆರಪಿ)
ಭುಜಂಗಾಸನ ಇವತ್ತೇ ನಿಲ್ಲಿಸಿ. ಬೆನ್ನು ಹಿಂದಕ್ಕೆ ಬಾಗಿದಷ್ಟೂ ನರದ ದಾರಿ ಇನ್ನೂ ಕಿರಿದಾಗುತ್ತದೆ, ಮುಂದಕ್ಕೆ ಬಾಗಿದರೆ ತೆರೆದುಕೊಳ್ಳುತ್ತದೆ. ಕೂತರೆ ಸರಿಹೋಗುವುದು ಅದಕ್ಕೇ. ಡಿಸ್ಕ್ ಜಾರಿದ ಕೆಲವರಿಗೆ ಅದೇ ಆಸನ ಹಿತ. ಯೂಟ್ಯೂಬಿಗೆ ಈ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು?

ಒಂದು ಪರೀಕ್ಷೆ ಮಾಡಿ. ಜೋಮು ಬಂದಾಗ ಕೂರದೆ, ಬಾಗದೆ, ನೆಟ್ಟಗೆ ಸುಮ್ಮನೆ ನಿಲ್ಲಲಿ. ಅಷ್ಟಕ್ಕೇ ಇಳಿದರೆ ಕಾಲಿನ ರಕ್ತನಾಳದ ಮೇಲೂ ಅನುಮಾನ ಬರಬೇಕು, ಡಾಕ್ಟರಿಗೆ ಪಾದದ ನಾಡಿ ನೋಡಲು ಹೇಳಿ. ಕೂತಾಗ ಅಥವಾ ಕಂಬಿಯ ಮೇಲೆ ಮುಂದಕ್ಕೆ ಬಾಗಿದಾಗ ಮಾತ್ರ ಇಳಿದರೆ ಅದು ಬೆನ್ನಿನದ್ದೇ. ತರಕಾರಿಗೆ ಹೋಗುವಾಗ ಚಕ್ರದ ವಾಕರ್ ತಳ್ಳಿಕೊಂಡು ಹೋದರೆ ಇನ್ನಷ್ಟು ದೂರ ನಡೆಯಬಹುದು.

ವ್ಯಾಯಾಮ: ಹಾಸಿಗೆಯಲ್ಲಿ ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಯತ್ತ ತಂದು 20 ಸೆಕೆಂಡ್, ಮೂರು ಸಲ. ಹಿಡಿಯಬೇಕಾದ್ದು ತೊಡೆಯ ಹಿಂಭಾಗವನ್ನು. ಮೊಣಕಾಲಿನ ಕೆಳಗೆ ಹಿಡಿದು ಎಳೆದರೆ ಸವೆದ ಕೀಲು ಇನ್ನೂ ಮಡಚಿ ನೋಯುತ್ತದೆ. ಆಮೇಲೆ ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು ಕೆಳಕ್ಕೆ ಒತ್ತಿ 5 ಸೆಕೆಂಡ್, 10 ಸಲ, ದಿನಕ್ಕೆ ಎರಡು ಹೊತ್ತು. ಮುಗಿದ ಮೇಲೆ ಸುರುಳಿ ತೆಗೆಯಿರಿ. ಹಿತವೆಂದು ರಾತ್ರಿಯಿಡೀ ದಿಂಬು ಇಟ್ಟುಕೊಂಡವರ ಮೊಣಕಾಲು ಕ್ರಮೇಣ ಪೂರ್ತಿ ನೆಟ್ಟಗಾಗುವುದೇ ಇಲ್ಲ. ವ್ಯಾಯಾಮದ ನೋವು ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ಎಣಿಕೆ ಅರ್ಧ ಮಾಡಿ, ಬಿಟ್ಟುಬಿಡಬೇಡಿ.

ಉತ್ತರ 2 (ಪುಣೆ, ಊರು ಹುಬ್ಬಳ್ಳಿ)
ಕೋಲು ಎಡಗೈಯಾಗ ಹಿಡಸ್ರಿ, ಬಲಗೈಯಾಗಲ್ಲ. ನೋವಿರೋ ಕಾಲಿನ ಎದುರು ಕೈ ಅದು. ಚಪ್ಪಲಿ ಹಾಕ್ಕೊಂಡು, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಹಿಡಿಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೋಲು, ನೋವಿನ ಕಾಲು, ಆಮೇಲೆ ಒಳ್ಳೆ ಕಾಲು. ಕೋಲಿನ ತುದಿಯ ರಬ್ಬರ್ ಬುಶ್ ಮಳೆಗಾಲಕ್ಕ ಮೊದಲ ತಿರುಗಿಸಿ ನೋಡ್ರಿ. ಉಂಗುರದ ಗೆರೆ ಸವೆದಿದ್ರ ಒದ್ದೆ ಕೋಟಾ ಕಲ್ಲಿನ ಮ್ಯಾಲೆ ಅದು ಜಾರೂದ ಗ್ಯಾರಂಟಿ.

ಉತ್ತರ 3 (ಥಾಣೆ, ಇಂಟೀರಿಯರ್ ಕೆಲಸ)
ಕೆಳಗೆ ಕೂರುವ ಸಂಡಾಸಿದ್ದರೆ ಕಮೋಡ್ ಹಾಕಿಸಿ. ಈಗಾಗಲೇ ಇದ್ದರೆ 4 ಇಂಚಿನ ಸೀಟ್ ರೈಸರ್ ಸಾಕು, ಪಾದ ನೆಲಕ್ಕೆ ತಾಗಬೇಕು. ಕಮೋಡ್ ಪಕ್ಕದ ಗೋಡೆಯ ಹಿಡಿಕೆಯ ವಿಷಯಕ್ಕೆ ಬಂದರೆ, ಸಕ್ಷನ್ ಕಪ್ಪಿನದ್ದು ತರಲೇಬೇಡಿ, ಹಿಡಿದ ಹೊತ್ತಿಗೇ ಕಳಚುತ್ತದೆ. ಹಳೆ ಕಟ್ಟಡದ 4 ಇಂಚಿನ ಇಟ್ಟಿಗೆ ಗೋಡೆಗೆ ಆಚೆ ಬದಿಗೆ ತೂರಿಬರುವ ಬೋಲ್ಟ್ ಹಾಕಿ ಹಿಂದೆ ಪ್ಲೇಟ್ ಕೊಡಿಸಿ. ಹೊಸ ಟವರುಗಳ ಸಿಪೊರೆಕ್ಸ್ (ಹಗುರ ಕಾಂಕ್ರೀಟ್ ಬ್ಲಾಕ್) ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಕೆಮಿಕಲ್ ಆಂಕರ್ (ತೂತಿನಲ್ಲಿ ಗಟ್ಟಿಯಾಗುವ ಅಂಟಿನಿಂದ ಕೂರಿಸುವ ಬೋಲ್ಟ್) ಬೇಕು. ಟೈಲ್ಸ್ ತೂತಾಗುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ. ಎತ್ತರಕ್ಕೆ ಟೇಪ್ ಹಿಡಿಯಬೇಡಿ, ಅಮ್ಮನನ್ನೇ ಕಮೋಡ್ ಮೇಲೆ ಕೂರಿಸಿ, ಮೊಣಕೈ ಸ್ವಲ್ಪ ಮಡಚಿದಾಗ ಅಂಗೈ ಎಲ್ಲಿಗೆ ಬರುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ಯಾರೂ ಕೇಳದ ಇನ್ನೊಂದು ವಿಷಯ ಬಾಗಿಲು. ನಮ್ಮ ಬಾತ್‌ರೂಮುಗಳು ಮೂರಡಿ ಅಗಲ, ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರ ಮೈ ಅಡ್ಡವಾದರೆ ತಳ್ಳಲಾಗುವುದಿಲ್ಲ. ಹಿಂಜ್ ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಿಸಿ.

ಪ್ರಶ್ನೆ ಕೇಳಿದವರು
ಗುಳಿಗೆ ಮುಂದುವರಿಸಬಹುದೇ? ಮೊಣಕಾಲಿಗೆ ನೋವಿನ ಜೆಲ್ ಹಚ್ಚಿದೆವು, ಏನೂ ಪ್ರಯೋಜನ ಕಾಣಲಿಲ್ಲ.

ಉತ್ತರ 4 (ಅಂಧೇರಿ, ಫಾರ್ಮಸಿ)
ಅಸೆಕ್ಲೊಫೆನಾಕ್ ಬಿಪಿ ಏರಿಸಬಹುದು, ಹೊಟ್ಟೆ ಕೆಡಿಸಬಹುದು. ಬಿಪಿ ಗುಳಿಗೆ ಟೆಲ್ಮಿಸಾರ್ಟನ್ ಆಗಿದ್ದರೆ, ಅದರಲ್ಲೂ ಮೂತ್ರ ಹೋಗಿಸುವ ಔಷಧಿ ಜೊತೆಗಿದ್ದರೆ, ಕಿಡ್ನಿಗೂ ಹೊರೆ. ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಡಾಕ್ಟರ ಹತ್ತಿರ ಮಾತಾಡಿ. ಜ್ವರ ಬಂತೆಂದು ಪ್ರತ್ಯೇಕ ಪ್ಯಾರಾಸಿಟಮಾಲ್ ಕೊಡುವಾಗ ಜೋಡಿ ಗುಳಿಗೆಯಲ್ಲಿರುವುದನ್ನೂ ಲೆಕ್ಕಕ್ಕೆ ಸೇರಿಸಿ.

ಜೆಲ್ಲನ್ನು ಎಷ್ಟು ಹಚ್ಚಿದಿರಿ? ಬಟಾಣಿಯಷ್ಟೇ? ಶೇಕಡಾ 1ರ ಡೈಕ್ಲೊಫೆನಾಕ್ ಜೆಲ್ ಮೊಣಕಾಲಿಗೆ ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲದವರೆಗೆ. ಅಂದರೆ 30 ಗ್ರಾಂ ಟ್ಯೂಬ್ ಏಳೆಂಟು ಸಲಕ್ಕೆ ಖಾಲಿ. ಟ್ಯೂಬ್ ತಿಂಗಳುಗಟ್ಟಲೆ ಬಂದರೆ ಔಷಧಿ ಕೀಲಿಗೆ ಹೋಗಿಲ್ಲ ಎಂದೇ ಅರ್ಥ. ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಗುಳಿಗೆ, ಜೆಲ್ ಎರಡೂ ಒಂದೇ ಗುಂಪಿನವು, ಒಟ್ಟಿಗೆ ಬೇಕೇ ಎಂದು ಕೇಳಿಕೊಳ್ಳಿ. ಲೇಬಲ್ ಇಲ್ಲದ ‘ಸಂಧಿವಾತದ ಪುಡಿ’ಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು.

ಉತ್ತರ 1, ಮತ್ತೆ
ಒಂದು ಬಿಟ್ಟಿತ್ತು. ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಕೂತಾಗ ಕುರ್ಚಿಗೆ ತಾಗುವ ಮೈಭಾಗ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆ, ಸೋಮವಾರದ ಒಪಿಡಿಗೆ ಕಾಯಬೇಡಿ. ಆಗ ಮೆಟ್ಟಿಲು ನಡೆಸಿ ಇಳಿಸಬಾರದು. ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಸೊಂಟಕ್ಕೆ ದುಪಟ್ಟಾ ಕಟ್ಟಿ, ಇಬ್ಬರು ಹಿಡಿದು ಇಳಿಸಿ. ಗಟ್ಟಿಗರು ಕೆಳಗಿನ ಕಡೆ ಇರಲಿ.